ಅಪ್ಪನ ಬೆಂಜ್ ಆಶ್ರಮಕ್ಕೆ: ಕೀಲಿ ಕೊಡುವ ಮುಂಚೆ ಆರ್‌ಸಿ ತೆಗೆದು ನೋಡಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ತೀರಿಕೊಂಡ ಹಿರಿಯರ ಹಳೆಯ ದೊಡ್ಡ ಕಾರನ್ನು ಶೆಡ್ಡಿನಲ್ಲಿ ಕೊಳೆಹಾಕುವ ಬದಲು ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಯಾಕೆ ದಾನ ಕೊಡಬಾರದು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಮೈಸೂರಿನ ಯಾದವಗಿರಿ, ಜಯಲಕ್ಷ್ಮೀಪುರಂ, ಸರಸ್ವತಿಪುರಂ ಕಡೆ, ಮಂಡ್ಯದ ಅಶೋಕನಗರ, ವಿದ್ಯಾನಗರದಲ್ಲೂ, ಗೇಟಿನೊಳಗೆ ಟಾರ್ಪಾಲು ಹೊದ್ದು ನಿಂತ ಬೆಂಜ್, ಬಿಎಂಡಬ್ಲ್ಯು, ಆಡಿಗಳು ಕಣ್ಣಿಗೆ ಬೀಳುತ್ತವೆ. ಯಜಮಾನರು ಇಲ್ಲ. ಮಕ್ಕಳು ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇದ್ದಾರೆ. ತಾಯಿಗೆ ಕಾರು ಓಡಿಸಲು ಬರುವುದಿಲ್ಲ. ದಾನ ಕೊಟ್ಟರೆ ಪುಣ್ಯವೂ ಬಂತು, ಶೆಡ್ಡೂ ಖಾಲಿಯಾಯಿತು ಎಂಬ ಲೆಕ್ಕ ಸಹಜವೇ. ಆದರೆ ಈ ಲೆಕ್ಕದಲ್ಲಿ ಎರಡು ಸಾಲು ಬಿಟ್ಟುಹೋಗಿವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಕಾರನ್ನು ಕೊಡಬೇಡಿ, ಕಾರು ಮಾರಿದ ದುಡ್ಡನ್ನು ಕೊಡಿ. ಅದಕ್ಕೂ ಮುಂಚೆ ಆರ್‌ಸಿಯನ್ನು, ಅಂದರೆ ಕಾರಿನ ನೋಂದಣಿ ಪತ್ರವನ್ನು, ತೀರಿಕೊಂಡವರ ಹೆಸರಿನಿಂದ ಬದುಕಿರುವವರ ಹೆಸರಿಗೆ ತನ್ನಿ.

ಮೊದಲು ಪಡೆಯುವವರ ಕಡೆಯಿಂದ ನೋಡೋಣ. ವೃದ್ಧಾಶ್ರಮಕ್ಕೆ ಬೇಕಾದದ್ದು ಗಾಲಿಕುರ್ಚಿ ಹತ್ತಿಸಬಹುದಾದ ವ್ಯಾನು, ಅಕ್ಕಿ ಮೂಟೆ, ತರಕಾರಿ ಹೊರುವ ಗಾಡಿ. ನೆಲಕ್ಕೆ ಅಂಟಿದಂತೆ ಕೂತಿರುವ ಸೆಡಾನಿನೊಳಕ್ಕೆ ಮಂಡಿನೋವಿನ ಅಜ್ಜಿ ಇಳಿಯುವುದೇ ಒಂದು ಸಾಹಸ, ಮೇಲೇಳುವುದು ಇನ್ನೊಂದು. ಖರ್ಚಿನ ಮಾತು ಬೇರೆ. ಆಲ್ಟೊದಂಥ ಕಾರಿಗೆ ಮೂರು ಲೀಟರಿನ ಆಸುಪಾಸು ಎಂಜಿನ್ ಆಯಿಲ್ ಸಾಕು. 2007ರ ಸುಮಾರಿನ ಬೆಂಜ್ ಇ-ಕ್ಲಾಸ್ ವಿ6 ಡೀಸೆಲ್ ಎಂಟೂವರೆ ಲೀಟರು ಕುಡಿಯುತ್ತದೆ, ಅದೂ ಕಂಪನಿ ಒಪ್ಪಿದ ದರ್ಜೆಯ ಆಯಿಲ್ಲೇ ಆಗಬೇಕು. ಎಸ್-ಕ್ಲಾಸ್ ಆಗಿದ್ದರೆ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ಸ್ಟ್ರಟ್ಟುಗಳಿರುತ್ತವೆ. ಆರು ತಿಂಗಳು ನಿಂತ ಗಾಡಿ ಒಂದು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿದ್ದರೆ ರಬ್ಬರು ಬಿರುಕುಬಿಟ್ಟಿದೆ ಎಂದರ್ಥ. ಸೋರುವ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಗುವುದು ಮುಂದಿನ ಹಂತ. ಅದರ ಬಿಲ್ಲು ಆಶ್ರಮದ ತಿಂಗಳ ದಿನಸಿ ಬಿಲ್ಲನ್ನೂ ಮೀರಬಹುದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ, ಸರಿ. ಆದರೆ ಈ ಹಸು ಹಾಲು ಕೊಡುವುದಿಲ್ಲ, ಹಿಂಡಿ ಮಾತ್ರ ತಿನ್ನುತ್ತದೆ. ಕೊಟ್ಟವರು ದೊಡ್ಡ ಮನೆಯವರೆಂಬ ದಾಕ್ಷಿಣ್ಯಕ್ಕೆ ಟ್ರಸ್ಟಿನವರು ಬೇಡವೆನ್ನಲಾರದೆ ಇಟ್ಟುಕೊಳ್ಳುತ್ತಾರೆ. ಕಾರು ನಿಮ್ಮ ಶೆಡ್ಡಿನಿಂದ ಅವರ ಅಂಗಳಕ್ಕೆ ಹೋಗಿ ನಿಲ್ಲುತ್ತದೆ, ಅಷ್ಟೇ.

ಇನ್ನು ಕಾಗದ. ಈ ಕಾರು ಈಗ ಯಾರದು? ‘ನಮ್ಮಪ್ಪನದು, ಆದ್ದರಿಂದ ನನ್ನದು’ ಎಂಬುದು ಅರ್ಧ ಉತ್ತರ. ವಿಲ್ ಬರೆದಿಟ್ಟಿದ್ದರೆ ಅದರಲ್ಲಿ ಹೇಳಿದವರದು. ವಿಲ್ ನೋಂದಣಿ ಆಗಿರಲೇಬೇಕೆಂದಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ವಿಲ್ ಇಲ್ಲದ ಹಿಂದೂ ಕುಟುಂಬದಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಇವರ ಜೊತೆಗೆ ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಬಹಳ ಮನೆಗಳಲ್ಲಿ ತಪ್ಪುವುದು ಈ ಕೊನೆಯ ಹೆಸರೇ. ಅರವತ್ತೈದಕ್ಕೆ ಹೋದವರ ಅಮ್ಮ ತೊಂಬತ್ತರಲ್ಲಿ ಊರಿನಲ್ಲಿ ಇರುತ್ತಾರೆ, ಅವರ ಸಹಿ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರು ಬಿಡುವುದು ಎರಡನೆಯ ತಪ್ಪು. ಮರಣ ಪ್ರಮಾಣ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಅದರಲ್ಲಿರುವ ಪ್ರತಿಯೊಬ್ಬರಿಂದಲೂ ‘ಕಾರು ಇಂಥವರ ಹೆಸರಿಗೆ ಆಗಲು ನನ್ನ ತಕರಾರಿಲ್ಲ’ ಎಂಬ ಅಫಿಡವಿಟ್ಟನ್ನು ಇ-ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿ ಪಡೆಯಬೇಕು. ವಿದೇಶದಲ್ಲಿರುವ ಮಗ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿಯೋ, ಅಲ್ಲಿನ ನೋಟರಿಯಿಂದ ಮಾಡಿಸಿ ಅಪೋಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ ಮುದ್ರೆ) ಹಾಕಿಸಿಯೋ ಕಳಿಸಬಹುದು. ವಾಟ್ಸ್ಆ್ಯಪಿನಲ್ಲಿ ಬಂದ ಫೋಟೊ ನಡೆಯುವುದಿಲ್ಲ.

ಕಾಗದ ಕೂಡಿದ ಮೇಲೆ ನಮೂನೆ 31. ಜನ ಕೇಳಿ ಗೊತ್ತಿರುವ 29, 30 ನಮೂನೆಗಳು ಬದುಕಿರುವವರು ಮಾರುವಾಗ ಬೇಕಾದವು. ಮಾಲೀಕರು ತೀರಿಕೊಂಡಾಗಿನ ವರ್ಗಾವಣೆಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 56ನೇ ನಿಯಮವೇ ಬೇರೆ ಇದೆ. ಮರಣದ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು. ತಡವಾದರೂ ಕೆಲಸ ಆಗುತ್ತದೆ, ದಂಡ ಕಟ್ಟಬೇಕು. 2021ರ ತಿದ್ದುಪಡಿಯಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸಲು ಅವಕಾಶವಿದೆ, ಸೇರಿಸಿದ್ದರೆ ದಾರಿ ಹತ್ತಿರ. ಹಳೆಯ ಕಾರುಗಳಲ್ಲಿ ಅದು ಅಪರೂಪ. ಕಾರು ಕೆಎ-09, ಕೆಎ-55 ಆಗಿದ್ದರೆ ಮೈಸೂರಿನ ಪಶ್ಚಿಮ, ಪೂರ್ವ ಕಚೇರಿಗಳು, ಕೆಎ-11 ಆಗಿದ್ದರೆ ಮಂಡ್ಯ. ಅರ್ಜಿಯನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ತುಂಬಿ, ಮುದ್ರಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ಅಂಟಿಸಿ ಒಯ್ಯಬೇಕು. ಕೆಲವು ಬೆಂಜ್‌ಗಳಲ್ಲಿ ಆ ನಂಬರು ಬಾನೆಟ್ಟಿನಡಿ ಸಿಗುವುದಿಲ್ಲ, ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಕಾರ್ಪೆಟ್ಟಿನ ಕಿವಿ ಎತ್ತಿ ನೋಡಬೇಕು. ಸಾಮಾನ್ಯ ಕಾರಿಗೆ ವರ್ಗಾವಣೆ ಶುಲ್ಕ 300 ರೂಪಾಯಿ, ಆರ್‌ಸಿಯಲ್ಲಿ ‘ಆಮದು ವಾಹನ’ ಎಂದಿದ್ದರೆ 2,500. ಸ್ಮಾರ್ಟ್ ಕಾರ್ಡಿನ 200 ಪ್ರತ್ಯೇಕ.

ಇಲ್ಲಿ ಎರಡು ಮುಳ್ಳು. ಒಂದು, ಒಟಿಪಿ. ತಾಣ ಕಳಿಸುವ ಒಟಿಪಿ ಹೋಗುವುದು ಆರ್‌ಸಿಗೆ ಜೋಡಿಸಿರುವ ಮೊಬೈಲಿಗೆ, ಅಂದರೆ ತೀರಿಕೊಂಡವರ ನಂಬರಿಗೆ. ತಿಥಿ ಮುಗಿದ ವಾರಕ್ಕೇ ಅಪ್ಪನ ಸಿಮ್ ನಿಲ್ಲಿಸಿದವರು ಆಮೇಲೆ ಆ ನಂಬರು ಬದಲಾಯಿಸಲೆಂದೇ ಕಚೇರಿಗೆ ಅಲೆಯುತ್ತಾರೆ. ಕಾರು, ಬ್ಯಾಂಕು, ಎಲ್ಲ ಮುಗಿಯುವವರೆಗೆ ಆ ಸಿಮ್ಮಿಗೆ ರೀಚಾರ್ಜ್ ಮಾಡುತ್ತಿರಿ. ಎರಡು, ಹಳೆಯ ಸಾಲ. 2009ರಲ್ಲಿ ತೀರಿದ ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಕೂತಿರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ ನಮೂನೆ 35ರ ಎರಡು ಪ್ರತಿಗಳೂ ಬೇಕು. ಈ ನಡುವೆ ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಕಡತ ಹುಡುಕಿಸುವ ಕೆಲಸವೇ ತಿಂಗಳು ತಿನ್ನುತ್ತದೆ. ಬಾಕಿ ಇರುವ ಇ-ಚಲನ್‌ಗಳನ್ನೂ ಮೊದಲೇ ಕಟ್ಟಿಬಿಡಿ.

ಆರ್‌ಸಿಯಲ್ಲಿ ಇರುವುದು ಅಪ್ಪನ ಹೆಸರಲ್ಲ, ಅವರ ಕಂಪನಿಯ ಹೆಸರು ಎಂದಾದರೆ ಮೇಲಿನ ಯಾವುದೂ ಅನ್ವಯಿಸದು. ಅದು ಕಂಪನಿಯ ಸ್ವತ್ತು. ನಿರ್ದೇಶಕರ ಮಂಡಳಿಯ ನಿರ್ಣಯ ಬೇಕು, ಸವಕಳಿ (ವರ್ಷವರ್ಷ ಇಳಿಯುವ ಬೆಲೆಯನ್ನು ಖರ್ಚಾಗಿ ತೋರಿಸುವುದು) ತೆಗೆದುಕೊಂಡ ಕಾರಾಗಿದ್ದರೆ ಮಾರಾಟದ ಲಾಭದ ಮೇಲೆ ಜಿಎಸ್‌ಟಿ ಪ್ರಶ್ನೆಯೂ ಏಳುತ್ತದೆ. ಲೆಕ್ಕಪರಿಶೋಧಕರನ್ನು ಕೇಳದೆ ಕೈಹಾಕಬೇಡಿ.

ವಿಮೆ ವಿಷಯ ಚಿಕ್ಕದು, ಆದರೆ ಇದರಲ್ಲಿ ಎಡವುವವರು ಜಾಸ್ತಿ. ವಿಮಾದಾರರು ತೀರಿಕೊಂಡರೆ ಪಾಲಿಸಿ ಅಂದೇ ಸಾಯುವುದಿಲ್ಲ. ಮರಣದಿಂದ ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ಜೀವ ಇರುತ್ತದೆ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾಲ್ಕನೇ ತಿಂಗಳಲ್ಲಿ ‘ಬ್ಯಾಟರಿ ಇಳಿಯದಿರಲಿ’ ಎಂದು ಡ್ರೈವರನ್ನು ಕರೆಸಿ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆಸುವವರಿದ್ದಾರೆ. ಕಾಗದದಲ್ಲಿ ದಿನಾಂಕ ಮುಂದಿನ ವರ್ಷದ್ದೇ ಇದ್ದರೂ ಆ ಸುತ್ತಿಗೆ ವಿಮೆ ಇಲ್ಲ.

ದಾನದ ಉತ್ಸಾಹದಲ್ಲಿ ನಡೆಯುವ ಅತಿ ದೊಡ್ಡ ಅನಾಹುತ ಖಾಲಿ ಸಹಿ. ‘29, 30ಕ್ಕೆ ನೀವೇ ಅಪ್ಪನ ಸಹಿ ಹಾಕಿ ಕೊಟ್ಬಿಡಿ ಸಾರ್, ಮಿಕ್ಕಿದ್ದು ನಾವು ನೋಡ್ಕೋತೀವಿ’ ಎನ್ನುವ ಏಜೆಂಟರು ಎಲ್ಲ ಕಡೆ ಇದ್ದಾರೆ. ಸತ್ತವರ ಸಹಿ ಹಾಕುವುದಕ್ಕೆ ಕಾನೂನಿನಲ್ಲಿ ಒಂದೇ ಹೆಸರು, ಫೋರ್ಜರಿ. ಅದಿಲ್ಲದೆ ಬರೀ ಕೀಲಿ ಕೊಟ್ಟು ಕಳಿಸಿದರೂ ಅಪಾಯ ತಪ್ಪಿದ್ದಲ್ಲ. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು, ಆರ್‌ಸಿ ಮಾತ್ರ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ತಲೆಗೇ ಬಂತು. ಆ ಹೆಸರು ತೀರಿಕೊಂಡವರದಾದರೆ ಹೊಣೆ ಅವರು ಬಿಟ್ಟುಹೋದ ಆಸ್ತಿಯ ಮೇಲೆ, ಅಂದರೆ ನಿಮ್ಮ ಪಾಲಿಗೆ ಬಂದದ್ದರ ಮೇಲೆ ಕೂರುತ್ತದೆ. ಟ್ರಸ್ಟಿನ ಡ್ರೈವರ್ ಎಕ್ಸ್‌ಪ್ರೆಸ್‌ವೇಯಲ್ಲಿ ಯಾರಿಗೋ ಗುದ್ದಿದರೆ ನೋಟಿಸು ಬರುವುದು ಯಾದವಗಿರಿಯ ಮನೆಗೆ.

ತೆರಿಗೆ ವಿನಾಯಿತಿ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರಲ್ಲೂ ಇಲ್ಲ. 80ಜಿ ಎಂದೇ ಎಲ್ಲರೂ ಕರೆಯುವ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ. ವಸ್ತುವಿನ ರೂಪದಲ್ಲಿ ಕೊಟ್ಟದ್ದಕ್ಕೆ, ಅದು ಅಕ್ಕಿಯಾಗಲಿ ಕಾರಾಗಲಿ, ಒಂದು ರೂಪಾಯಿ ವಿನಾಯಿತಿಯೂ ಇಲ್ಲ. ಟ್ರಸ್ಟು ‘ಐದು ಲಕ್ಷ ಮೌಲ್ಯದ ಕಾರು ಸ್ವೀಕರಿಸಿದೆ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೂ ಅದು ಗೋಡೆಗೆ ತೂಗುಹಾಕುವ ಕಾಗದವೇ ಹೊರತು ರಿಟರ್ನಿಗೆ ಸೇರುವುದಲ್ಲ. ಅದೇ ಕಾರನ್ನು ಮಾರಿ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ವಿನಾಯಿತಿ ಉಂಟು. ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಕಾರು 3 ಲಕ್ಷಕ್ಕೆ ಹೋಯಿತು ಎನ್ನೋಣ. ಬಹುಪಾಲು ಟ್ರಸ್ಟುಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ವಿನಾಯಿತಿ, ಅದೂ ದಾನಿಯ ಒಟ್ಟು ಆದಾಯದ ಶೇ 10ರ ಮಿತಿಯೊಳಗೆ. ವರ್ಷಕ್ಕೆ 20 ಲಕ್ಷ ಆದಾಯದ ಹಿರಿಮಗನೊಬ್ಬನೇ ಮೂರು ಲಕ್ಷವನ್ನೂ ಕೊಟ್ಟರೆ ಎಣಿಕೆಗೆ ಬರುವುದು 2 ಲಕ್ಷ, ವಿನಾಯಿತಿ 1 ಲಕ್ಷ. ಅಷ್ಟೇ ಆದಾಯದ ಮೂವರು ಮಕ್ಕಳು ಹಣ ಹಂಚಿಕೊಂಡು ತಲಾ 1 ಲಕ್ಷವನ್ನು ತಮ್ಮ ತಮ್ಮ ಖಾತೆಯಿಂದ ಕೊಟ್ಟರೆ ತಲಾ 50 ಸಾವಿರ, ಒಟ್ಟು ಒಂದೂವರೆ ಲಕ್ಷ. ಆಶ್ರಮಕ್ಕೆ ಸೇರುವ ಮೊತ್ತ ಎರಡರಲ್ಲೂ ಒಂದೇ. ಇದೆಲ್ಲ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ, ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ. 2,000 ರೂಪಾಯಿ ಮೀರಿದ ನಗದಿಗೂ ಇಲ್ಲ. ಟ್ರಸ್ಟಿಗೆ ಪ್ಯಾನ್ ಕೊಟ್ಟು ತೆರಿಗೆ ಇಲಾಖೆಯ ನಮೂನೆಯ ದಾನ ಪ್ರಮಾಣಪತ್ರ ಕೇಳಿ ಪಡೆಯಿರಿ. ಅವರು ಇಲಾಖೆಗೆ ವಿವರ ಸಲ್ಲಿಸದಿದ್ದರೆ ಬರೀ ರಸೀದಿಯಿಂದ ಪ್ರಯೋಜನವಿಲ್ಲ. ಕಾರು ಕೊಳ್ಳುವವನು 2 ಲಕ್ಷವೋ ಅದಕ್ಕೂ ಮೇಲೋ ನಗದು ತಂದರೆ ತೆಗೆದುಕೊಳ್ಳಬೇಡಿ, ತೆಗೆದುಕೊಂಡವರಿಗೇ ದಂಡ.

ಅಮೆರಿಕದಲ್ಲಿರುವ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಸೇವಾಸಂಸ್ಥೆಗಳೇ ಹಳೆಯ ಕಾರನ್ನು ಮನೆಯಿಂದ ಎತ್ತಿಸಿಕೊಂಡು ಹೋಗಿ ಹರಾಜು ಹಾಕಿ 1098-ಸಿ ಎಂಬ ನಮೂನೆ ಕಳಿಸುತ್ತವೆ. 500 ಡಾಲರ್ ಮೀರಿದ್ದಾದರೆ ಸಾಮಾನ್ಯವಾಗಿ ಹರಾಜಿನಲ್ಲಿ ಬಂದ ಮೊತ್ತಕ್ಕೆ ವಿನಾಯಿತಿ. ಆ ಏರ್ಪಾಡನ್ನು ಇಲ್ಲಿ ಹುಡುಕಬೇಡಿ, ಇಲ್ಲ. ಇನ್ನೊಂದು ಮಾತನ್ನು ಅವರಿಗೆ ಮುಖ್ಯವಾಗಿ ಹೇಳಬೇಕು. ಮಗ ಅಮೆರಿಕದ ಪೌರತ್ವ ತೆಗೆದುಕೊಂಡು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನ ಮೇಲೆ ಬಂದುಹೋಗುತ್ತಿದ್ದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕಣ್ಣಿಗೆ ಅವನು ವಿದೇಶಿ ಮೂಲ. ಅವನು ಕೊಡುವ ಹಣವಷ್ಟೇ ಅಲ್ಲ, ವಸ್ತುವೂ ವಿದೇಶಿ ದೇಣಿಗೆಯೇ. ಆ ಕಾಯ್ದೆಯಡಿ ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ತೊಂದರೆ ಟ್ರಸ್ಟಿಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ದುಡಿಯುವವರಿಗೆ ಈ ತೊಡಕಿಲ್ಲ. ಸಲೀಸಾದ ದಾರಿಯೆಂದರೆ ಮಕ್ಕಳು ತಮ್ಮ ಪಾಲನ್ನು ನಿಜವಾಗಿಯೂ ತಾಯಿಗೆ ಬಿಟ್ಟುಕೊಟ್ಟು, ಕಾರು ತಾಯಿಯ ಹೆಸರಿಗಾಗಿ, ಮಾರಿ ಬಂದದ್ದನ್ನು ತಾಯಿ ತಮ್ಮಿಷ್ಟದಂತೆ ಕೊಡುವುದು.

ಹದಿನೈದು ವರ್ಷದ ಗುಮ್ಮನ ಬಗ್ಗೆ ಹೇಳದಿದ್ದರೆ ಪತ್ರ ಪೂರ್ತಿಯಾಗದು. ‘ಹದಿನೈದಾಯ್ತು ಸಾರ್, ಇನ್ನು ಗುಜರಿಯೇ’ ಎಂದು ಹೆದರಿಸಿ ಕಬ್ಬಿಣದ ಬೆಲೆಗೆ ಕಾರು ಹೊಡೆದುಕೊಂಡು ಹೋಗುವ ದಲ್ಲಾಳಿಗಳಿದ್ದಾರೆ. ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷ ಎಂಬ ಗಲಾಟೆ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಕಾರನ್ನು ತಪಾಸಣೆಗೆ ಒಯ್ದು ಪಾಸಾದರೆ ನಮೂನೆ 25ರಲ್ಲಿ ಐದೈದು ವರ್ಷ ನೋಂದಣಿ ನವೀಕರಿಸಿಕೊಳ್ಳಬಹುದು. ಖರ್ಚು ಮಾತ್ರ ಏರಿದೆ. 15 ದಾಟಿದ ಕಾರಿಗೆ 5,000 ರೂಪಾಯಿ, 2025ರ ಆಗಸ್ಟ್‌ನ ತಿದ್ದುಪಡಿಯಂತೆ 20 ದಾಟಿದ್ದಕ್ಕೆ 10,000. ಆರ್‌ಸಿಯಲ್ಲಿ ಆಮದು ವಾಹನವಾಗಿದ್ದರೆ ಇದೇ ಶುಲ್ಕ 40,000 ಮತ್ತು 80,000. ಪುಣೆಯಲ್ಲಿ ಜೋಡಿಸಿದ ಬೆಂಜ್, ಚೆನ್ನೈನಲ್ಲಿ ಜೋಡಿಸಿದ ಬಿಎಂಡಬ್ಲ್ಯು ಹೆಸರಿಗೆ ಜರ್ಮನ್ ಆದರೂ ಆಮದು ವಾಹನವಲ್ಲ, ಆದ್ದರಿಂದ ಆರ್‌ಸಿಯ ಆ ಒಂದು ಪದವನ್ನು ಮೊದಲು ಓದಿಕೊಳ್ಳಿ. ಅವಧಿ ಮೀರಿ ನಿಂತ ಪ್ರತಿ ತಿಂಗಳಿಗೂ 500 ರೂಪಾಯಿ ಹೆಚ್ಚುವರಿ. ‘ವಿಂಟೇಜ್ ಮಾಡಿಸೋಣ’ ಎಂದು ಕೆಲವರು ಹೊರಡುತ್ತಾರೆ. ನಿಯಮದಲ್ಲಿ ವಿಂಟೇಜ್ ಎಂದರೆ 50 ವರ್ಷ ದಾಟಿದ್ದು. 1996ರ ಬೆಂಜ್‌ಗೆ ಇನ್ನೂ ಬಹಳ ಕಾಲವಿದೆ.

ಸರ್ಕಾರಿ ಆಸ್ಪತ್ರೆಗೋ ಪಾಲಿಕೆಗೋ ಕೊಡೋಣ ಎನ್ನುವವರು ಇನ್ನೊಂದು ನಿಯಮ ನೋಡಬೇಕು. 2023ರ ಏಪ್ರಿಲ್ 1ರಿಂದ ಸರ್ಕಾರ, ಸ್ಥಳೀಯ ಸಂಸ್ಥೆ, ನಿಗಮಗಳ ಹೆಸರಿನಲ್ಲಿರುವ ವಾಹನಗಳಿಗೆ 15 ವರ್ಷದ ಮೇಲೆ ನೋಂದಣಿಯೇ ಇರುವುದಿಲ್ಲ. ಹದಿನಾಲ್ಕು ವರ್ಷದ ಕಾರು ನಿಮ್ಮ ಹೆಸರಿನಲ್ಲಿದ್ದರೆ ಇನ್ನೂ ಬಾಳಿಕೆಯಿದೆ, ಸರ್ಕಾರಿ ಆಸ್ಪತ್ರೆಯ ಹೆಸರಿಗೆ ಹೋದರೆ ಒಂದೇ ವರ್ಷ.

ಮಾರುವುದೆಂದು ತೀರ್ಮಾನಿಸಿದ ಮೇಲೆ ಶೆಡ್ಡಿನ ಬಾಗಿಲು ತೆಗೆಯುವ ಕ್ರಮವೂ ಒಂದಿದೆ. ವರ್ಷಗಟ್ಟಲೆ ನಿಂತ ಗಾಡಿಗೆ ನೇರ ಸೆಲ್ಫ್ ಹೊಡೆಯಬೇಡಿ. ಮೊದಲು ಬಾನೆಟ್ ಎತ್ತಿ ಮೂಗು ಹಾಕಿ. ಮೂತ್ರದ ವಾಸನೆ, ಒಣಗಿದ ಹಿಕ್ಕೆ, ಏರ್ ಫಿಲ್ಟರ್ ಡಬ್ಬಿಯೊಳಗೆ ಹತ್ತಿ ಸಿಕ್ಕರೆ ಇಲಿ ವೈರು ಕಡಿದಿದೆ ಎಂದೇ ಇಟ್ಟುಕೊಳ್ಳಿ. ಹೆಗ್ಗಣವಾದರೆ ಕೆಳಗಿನ ಹೋಸುಗಳನ್ನೂ ನೋಡಿ. ತೊಂಬತ್ತರ ದಶಕದ ಮೊದಲರ್ಧದ ಬೆಂಜ್‌ಗಳಲ್ಲಿ ಇಲಿಯೂ ಬೇಕಿಲ್ಲ, ಎಂಜಿನ್ನಿನ ವೈರಿನ ಹೊದಿಕೆ ತಾನಾಗಿಯೇ ಹುರಿಗಡಲೆ ಸಿಪ್ಪೆಯಂತೆ ಉದುರುತ್ತದೆ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ನೀರು ಹೋಗುವ ಕೊಳವೆಗಳಲ್ಲಿ ಹೊಂಗೆ ಎಲೆ, ಹುಣಸೆ ಎಲೆ ಕಟ್ಟಿಕೊಂಡಿರುತ್ತವೆ. ಮಳೆನೀರು ಒಳಗಿಳಿದು ಕಾರ್ಪೆಟ್ಟಿನಡಿ ನಿಂತಿದ್ದರೆ ಅಂಗೈ ಒತ್ತಿದಾಗ ಪಿಚ್ ಎನ್ನುತ್ತದೆ. ಈ ಕಾರುಗಳ ಎಲೆಕ್ಟ್ರಾನಿಕ್ ಡಬ್ಬಿಗಳು ಇಂಥ ತಗ್ಗುಗಳಲ್ಲೇ ಇರುವುದರಿಂದ, ಒಣಗಿಸದೆ ಬ್ಯಾಟರಿ ಜೋಡಿಸಿದರೆ ಉಳಿದಿದ್ದೂ ಸುಟ್ಟುಹೋಗುತ್ತದೆ.

ಬ್ಯಾಟರಿ ಪೂರ್ತಿ ಸತ್ತಿದ್ದರೆ ರಿಮೋಟು ಕೆಲಸ ಮಾಡದು. ಕೀಲಿಯ ಹೊಟ್ಟೆಯಿಂದ ಲೋಹದ ಪಟ್ಟಿ ಎಳೆದು ಬಾಗಿಲು ತೆಗೆಯಬೇಕು. ಬಿಎಂಡಬ್ಲ್ಯು 5 ಸೀರೀಸ್‌ನಂಥವುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದ್ದರೂ ಜಂಪ್ ಕೊಡಲು ಬಾನೆಟ್ಟಿನಡಿ ಪ್ರತ್ಯೇಕ ತುದಿಗಳಿವೆ. ಪಕ್ಕದ ಲಾರಿಯ 24 ವೋಲ್ಟ್ ತಂದು ಹಚ್ಚಬೇಡಿ. ಹೊಸ ಬ್ಯಾಟರಿ ಹಾಕಿದರೆ ಅದನ್ನು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರಿನಿಂದ ತಿಳಿಸಬೇಕು, ಇಲ್ಲದಿದ್ದರೆ ಹಳೆಯದೆಂದೇ ತಿಳಿದು ಚಾರ್ಜ್ ಮಾಡಿ ಬೇಗ ಹಾಳುಮಾಡುತ್ತದೆ. 2006ರ ಮಧ್ಯಕ್ಕೆ ಮುಂಚಿನ ಇ-ಕ್ಲಾಸ್ ಆಗಿದ್ದರೆ ಬ್ರೇಕಿಗೆ ವಿದ್ಯುತ್ ಪಂಪಿದೆ. ಬಾಗಿಲು ತೆಗೆದರೂ ಸಾಕು, ಅದು ಗುರ್ ಎಂದು ಒತ್ತಡ ಏರಿಸುತ್ತದೆ. ಅದನ್ನು ನಿಷ್ಕ್ರಿಯ ಮಾಡದೆ ಪ್ಯಾಡ್ ಬಿಚ್ಚಲು ಹೋದ ಮೆಕ್ಯಾನಿಕ್‌ನ ಬೆರಳು ಪಿಸ್ಟನ್ನಿನ ಮಧ್ಯೆ ಸಿಕ್ಕಿಕೊಳ್ಳುವ ಅಪಾಯವಿದೆ. ಪಂಪಿಗೆ ಎಣಿಕೆಯ ಆಯುಷ್ಯ, ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ. ಅದನ್ನು ಕೊಳ್ಳುವವರಿಂದ ಮುಚ್ಚಿಡಬೇಡಿ. ಅದೇ ಕಾಲದ ಐದು ಗೇರಿನ ಆಟೊಮ್ಯಾಟಿಕ್ಕಿನಲ್ಲಿ ವೈರುಗಳು ಒಳಹೋಗುವ ದುಂಡನೆ ಪ್ಲಗ್ಗಿನ ರಬ್ಬರು ರಿಂಗು ಸೋರಿ, ಆಯಿಲು ವೈರಿನೊಳಗೇ ಏರಿ ಕಂಪ್ಯೂಟರ್ ಡಬ್ಬಿ ತಲುಪುತ್ತದೆ. ಗಾಡಿ ಒಂದೇ ಗೇರಿನಲ್ಲಿ ಕಚ್ಚಿಕೊಂಡರೆ ‘ಗೇರ್‌ಬಾಕ್ಸ್ ಹೋಯ್ತು’ ಎಂದು ಅರ್ಧ ಬೆಲೆ ಕೇಳುವವರಿಗೆ ಒಪ್ಪುವ ಮುಂಚೆ ಆ ಅಗ್ಗದ ಪ್ಲಗ್ಗನ್ನು ಬಿಚ್ಚಿಸಿ ನೋಡಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2218 ಎಂದಿದ್ದರೆ 2018ರ 22ನೇ ವಾರ. ಮೇಲಿನ ಪಟ್ಟೆ (ಟ್ರೆಡ್) ಚೆನ್ನಾಗಿದ್ದರೂ ಅಂಥ ಟೈರಿನಲ್ಲಿ ಬೆಂಗಳೂರಿಗೆ ಓಡಿಸಬೇಡಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಆಯಿಲು ತಿರುಗದೆ ಸವೆಯುತ್ತದೆ. ಚಪ್ಪಟೆ ಹಾಸಿನ ಟೋಯಿಂಗ್ ಲಾರಿಯೇ ಸರಿ.

ಬೆಲೆ ಕೇಳುವಾಗ ಮೈಸೂರಿನ ಒಬ್ಬರು, ಬೆಂಗಳೂರಿನ ಒಬ್ಬರು, ಆನ್‌ಲೈನ್ ಹರಾಜಿನ ಒಂದು, ಹೀಗೆ ಮೂರಾದರೂ ಬರಹದಲ್ಲಿ ಪಡೆಯಿರಿ. ಎರಡೂ ಕೀಲಿ, ಸರ್ವಿಸ್ ಪುಸ್ತಕ, ಹಳೆಯ ಬಿಲ್ಲುಗಳ ಕಟ್ಟು ಜೊತೆಗಿದ್ದರೆ ಮಾತಿನ ಧಾಟಿಯೇ ಬೇರೆ. ಕೇರಳದ ಕೊಳ್ಳುಗರು ಬಂದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಅದು ಕೈಗೆ ಬರುವವರೆಗೆ ಕಾರು ಗೇಟು ದಾಟಬಾರದು.

ಕಾರನ್ನೇ ಕೊಡುವುದು ಸರಿಯೆನಿಸುವ ಸಂದರ್ಭ ಒಂದೇ ನಮಗೆ ಕಾಣುವುದು: ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನ ಆಟೊಮೊಬೈಲ್ ವಿಭಾಗ. ಕಾಮನ್ ರೈಲ್ ಡೀಸೆಲ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್ ಇವನ್ನೆಲ್ಲ ಬಿಚ್ಚಿ ಜೋಡಿಸುವ ಅವಕಾಶ ನಮ್ಮ ಹುಡುಗರಿಗೆ ಸಿಗುವುದು ಕಷ್ಟ. ಓಡದ ಕಾರೂ ಅಲ್ಲಿ ಪಾಠ ಹೇಳುತ್ತದೆ. ಪ್ರಾಂಶುಪಾಲರಿಂದ ಸ್ವೀಕಾರ ಪತ್ರ ಪಡೆದು, ಹಸ್ತಾಂತರದ ದಿನ, ಕಿಲೋಮೀಟರ್ ಓದು, ಚಾಸಿ ನಂಬರು ಬರೆದು, ಸಂಸ್ಥೆಯ ಹೆಸರಿಗೆ ವರ್ಗಾಯಿಸಿಯೇ ಕೊಡಿ. ಏರ್‌ಬ್ಯಾಗುಗಳಲ್ಲಿ ಸಿಡಿಯುವ ಮದ್ದಿದೆ, ಬ್ಯಾಟರಿ ಕಳಚದೆ ಸ್ಟೇರಿಂಗ್ ಬಿಚ್ಚಬಾರದೆಂದು ಬರಹದಲ್ಲೇ ತಿಳಿಸಿ.

ಏನೂ ಆಗದ ಸ್ಥಿತಿಯಲ್ಲಿದ್ದರೆ ರಸ್ತೆಬದಿ ಗುಜರಿಗೆ ಹಾಕಬೇಡಿ. ಅವರು ತುಂಡು ಮಾಡುತ್ತಾರೆ, ನೋಂದಣಿ ಜೀವಂತ ಉಳಿಯುತ್ತದೆ, ಆ ನಂಬರಿನಲ್ಲಿ ಇನ್ನಾವುದೋ ಕಾರು ಓಡಬಹುದು. 2021ರ ನಿಯಮದಡಿ ನೋಂದಾಯಿತವಾದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ (ಕಾರನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ಪುರಾವೆ) ಸಿಗುತ್ತದೆ, ನೋಂದಣಿಯೂ ರದ್ದಾಗುತ್ತದೆ. ಆ ಪತ್ರವಿದ್ದವರಿಗೆ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿ, ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಪತ್ರವನ್ನು ಬೇರೆಯವರಿಗೆ ವರ್ಗಾಯಿಸಲೂ ಬಹುದು. ಪೆಟ್ರೋಲ್ ಕಾರಾದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಜಾಗದಲ್ಲಿದೆಯೇ ಎಂದು ಅಡಿಯಿಂದ ನೋಡಿ ಫೋಟೊ ತೆಗೆದುಕೊಂಡೇ ತೂಕಕ್ಕೆ ಹಾಕಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇವೆ, ದಾರಿಯಲ್ಲಿ ಮಾಯವಾಗುವ ವಸ್ತು ಅದೇ.

ಕಾರು ಯಾವ ದಾರಿ ಹಿಡಿದರೂ ಗೇಟು ದಾಟುವ ಮುಂಚೆ ಗಾಜಿನ ಫಾಸ್ಟ್ಯಾಗ್ ಕಿತ್ತು ಬ್ಯಾಂಕಿಗೆ ಬರೆದು ಖಾತೆ ಮುಚ್ಚಿಸಿ. ಇಲ್ಲದಿದ್ದರೆ ಗಣಂಗೂರಿನ ಟೋಲು ಅಪ್ಪನ ಖಾತೆಯಿಂದಲೇ ಕಟ್ಟಾಗುತ್ತಿರುತ್ತದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಸೀಟಿನ ಹಿಂದಿನ ಜೇಬು, ಡಿಕ್ಕಿಯ ಸ್ಟೆಪ್ನಿಯ ಕೆಳಗೆ ಒಮ್ಮೆ ಕೈಯಾಡಿಸಿ. ಲಾಕರಿನ ಕೀಲಿ, ಪಹಣಿ ಪ್ರತಿಗಳು ಇಂಥ ಕಡೆಯೇ ಇರುತ್ತವೆ.

ಇಂತಿ,
ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರು ಮತ್ತು ತೆರಿಗೆ ಸಲಹೆಗಾರರೊಬ್ಬರು
ಸರಸ್ವತಿಪುರಂ, ಮೈಸೂರು